ಏಳು ಮಳೆಗಾಲ ಕಂಡ ಲೆನ್ಸ್: ಕೊಡಗಿನಲ್ಲಿ ನಿಕಾನ್ 200-500

ಈ ಲೆನ್ಸ್ ಬಗ್ಗೆ ಬರೆಯಲು ಬೇಕಂತಲೇ ಇಷ್ಟು ದಿನ ಕಾದೆ. ಎರಡು ದಿನ ಸಫಾರಿ ಮಾಡಿ ಬರೆದರೆ ಚಿತ್ರ ಎಷ್ಟು ಚೂಪಾಗಿ ಬರುತ್ತದೆ ಅಂತ ಹೇಳಬಹುದು. ಕೊಡಗಿನಲ್ಲಿ ವರ್ಷಪೂರ್ತಿ ಇಟ್ಟುಕೊಂಡರೆ ಏನಾಗುತ್ತದೆ ಅನ್ನುವುದು ಬೇರೆಯೇ ಕತೆ.

ದೂರದ ಹಕ್ಕಿ, ಪ್ರಾಣಿಯನ್ನು ಹತ್ತಿರ ತೋರಿಸುವ ಜೂಮ್ ಲೆನ್ಸ್ ಇದು. ನಿಕಾನ್ 200-500 ಎಂಎಂ ಎಫ್/5.6 ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ನಾನು 2018ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ನನ್ನ ಡಿ500 ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದಕ್ಕೆ ಹಾಕಿದರೆ 750 ಎಂಎಂನಷ್ಟು ಹತ್ತಿರ ಕಾಣುತ್ತದೆ. ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಅಲ್ಲಿ, ನಾಗರಹೊಳೆಯಲ್ಲಿ, ಮಾಂದಲ್‌ಪಟ್ಟಿಯಲ್ಲಿ ಇದೇ ನನ್ನ ಲೆನ್ಸ್.

ಮೊದಲು ಕಷ್ಟದ ವಿಷಯ ಹೇಳಿಬಿಡುತ್ತೇನೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಗೆ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಲೆನ್ಸನ್ನು ಬ್ಯಾಗಿನೊಳಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಬ್ಯಾಗಿನ ಸ್ಪಂಜು ತೇವ ಹೀರಿಕೊಂಡಿತ್ತು. ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿದರೆ, ಅಂಚಿನಲ್ಲಿ ಜೇಡರ ಬಲೆಯಂಥ ತೆಳು ಎಳೆಗಳು. ಬೂಷ್ಟು! ಎದೆ ಧಸಕ್ಕೆಂದಿತು. ಬೇಗ ನೋಡಿದ್ದರಿಂದ ಬಿಚ್ಚಿ ಒರೆಸಿ ಸರಿ ಮಾಡಲು ಆಯಿತು. ತಪ್ಪು ಪೂರ್ತಿ ನನ್ನದೇ. ಲೆನ್ಸ್ ಕೊಂಡವನು, ಒಳಗಿನ ತೇವ ಕಡಿಮೆ ಇಡುವ ಡ್ರೈ ಕ್ಯಾಬಿನೆಟ್ ಆಮೇಲೆ ನೋಡೋಣ ಅಂದುಕೊಂಡಿದ್ದೆ. ನಮ್ಮೂರಿನಲ್ಲಿ ಎರಡನ್ನೂ ಒಟ್ಟಿಗೇ ಕೊಳ್ಳಬೇಕು.

ಈಗ ಕ್ಯಾಬಿನೆಟ್ 45 ಶೇಕಡಾ ತೇವಕ್ಕೆ ಇಟ್ಟಿದ್ದೇನೆ. ಕರೆಂಟ್ ಹೋಗುವುದು ಮಾಮೂಲಿ, ಅದಕ್ಕೆ ಒಳಗೆ ಸಿಲಿಕಾ ಜೆಲ್ ಕೂಡ ಇರುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾಯಿಸಿ ಮತ್ತೆ ಬಳಸಬಹುದು. ಅಡಿಗೆಯ ಬಾಣಲೆಯಲ್ಲಿ ಮಾತ್ರ ಕಾಯಿಸಬೇಡಿ, ಆ ಬಣ್ಣದಲ್ಲಿ ವಿಷ ಇದೆ.

ಇಷ್ಟೆಲ್ಲಾ ಯಾಕೆ ಅಂದರೆ, ನನಗೆ ಒಳ್ಳೆಯ ಚಿತ್ರ ಸಿಗುವುದೇ ಮಳೆಗಾಲದಲ್ಲಿ. ಜುಲೈ ಬಂತೆಂದರೆ ತೋಟದ ಕೆಳಗಿನ ತೋಡಿನ ಹತ್ತಿರ ಸಿಳ್ಳಾರ ಹಕ್ಕಿ ಹಾಡಲು ಶುರು ಮಾಡುತ್ತದೆ. ಯಾರೋ ಹುಡುಗ ದಾರಿಯಲ್ಲಿ ಸುಮ್ನೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ. ಕಪ್ಪು ಹಕ್ಕಿ, ಕಪ್ಪು ಬಂಡೆ, ಮೋಡದ ಬೆಳಕು. ಹಣೆ, ಹೆಗಲ ಮೇಲೆ ಮಾತ್ರ ಹೊಳೆಯುವ ನೀಲಿ. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 4000, ಶಟರ್ 1/125 ಸೆಕೆಂಡ್. ಈ ಲೆನ್ಸಿನ ನಡುಕ ತಡೆಯುವ ವಿಆರ್ ಇಲ್ಲದಿದ್ದರೆ ಕೈಯಲ್ಲಿ ಹಿಡಿದು ಆ ಚಿತ್ರ ಸಾಧ್ಯವೇ ಇರಲಿಲ್ಲ. ಹಕ್ಕಿಯ ಕೊಕ್ಕಿನಿಂದ ತೊಟ್ಟಿಕ್ಕುವ ಹನಿ ಕೂಡ ಬಂದಿದೆ!

ಒಂದು ಮಾತು ನೆನಪಿಡಿ. ಜೂಮ್ ಮಾಡಿದಾಗ ಈ ಲೆನ್ಸ್ ಉದ್ದ ಆಗುತ್ತದೆ. ಹೊರಗೆ ಬಂದ ಕೊಳವೆಯ ಮೇಲೆ ನೀರಿದ್ದಾಗ ಹಿಂದಕ್ಕೆ ತಿರುಗಿಸಿದರೆ ತೇವ ಒಳಗೆ ಹೋಗುತ್ತದೆ. ಮಳೆಯಲ್ಲಿ ನಾನು 500ಕ್ಕೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಮನೆಗೆ ಬಂದು ಒರೆಸಿದ ಮೇಲೆಯೇ ಮಡಚುವುದು.

ನವೆಂಬರ್‌ನಿಂದ ಕೆಲಸ ಸುಲಭ. ಬೆಳಗ್ಗೆ ಮಂಜು ಕಣಿವೆಯಲ್ಲೇ ಕೂತಿರುತ್ತದೆ. ಮಾಂದಲ್‌ಪಟ್ಟಿಯಲ್ಲಿ ಎಲ್ಲರೂ ವೈಡ್ ಲೆನ್ಸ್ ತೆಗೆಯುತ್ತಾರೆ. ನೀವು ಒಮ್ಮೆ 300 ಎಂಎಂನಲ್ಲಿ ನೋಡಿ. ಬೆಟ್ಟದ ಸಾಲುಗಳು ಒಂದರ ಹಿಂದೆ ಒಂದು ಒತ್ತಾಗಿ ನಿಲ್ಲುತ್ತವೆ, ನಡುವೆ ಬಿಳಿ ಮಂಜು. ತೋಟದಲ್ಲಾದರೆ ಅದು ನವರಂಗ ಹಕ್ಕಿ ಬರುವ ಕಾಲ. "ಅಣ್ಣಾ, ಕುಪ್ಪಳಿಸೋ ಹಕ್ಕಿ ಮತ್ತೆ ಬಂದಿದೆ, ಮೆಣಸಿನ ಬಳ್ಳಿ ಬುಡದಲ್ಲಿ ಎಲೆ ಕೆದಕ್ತಾ ಇದೆ" ಅಂತ ಕೆಲಸಕ್ಕೆ ಬರುವ ಅಕ್ಕ ಹೇಳಿದರೆ ನಾನು ಕೊಯ್ಲು ಬಿಟ್ಟು ಓಡುತ್ತೇನೆ. ಕಾಫಿ ಗಿಡದ ಕೆಳಗಿನ ನೆರಳಿಗೆ ಎಫ್/5.6, ಅಂದರೆ ಈ ಲೆನ್ಸ್ ಒಳಗೆ ಬಿಡುವಷ್ಟು ಬೆಳಕು, ಸಾಲದು, ಅದು ನಿಜ. ಬೆಳಕು ಬೀಳುವ ಜಾಗದಲ್ಲಿ ಕೂತು ಕಾಯಬೇಕು.

ನಾಗರಹೊಳೆಗೆ ನಾನು ಕುಟ್ಟದ ಹತ್ತಿರದ ನಾಣಚ್ಚಿ ಗೇಟಿನಿಂದ ಹೋಗುವುದು. ಬೇಸಿಗೆಯಲ್ಲಿ ಕಾಡು ಬೋಳಾಗಿ, ಕೆರೆಯ ಹತ್ತಿರ ಕಾಟಿ, ಆನೆ, ಸೀಳುನಾಯಿ ಕಾಣುವ ಸಾಧ್ಯತೆ ಜಾಸ್ತಿ. ಪ್ರಾಣಿ ಹತ್ತಿರ ಬಂದರೆ 200ಕ್ಕೆ ಇಳಿಸಬಹುದು, ಜೂಮ್ ಲೆನ್ಸಿನ ಲಾಭ ಅಲ್ಲೇ. ತೂಕ 2.3 ಕೆಜಿ. ಜೀಪಿನಲ್ಲಿ ಲೆನ್ಸ್ ಊರಲು ಬೀನ್ ಬ್ಯಾಗ್ ಬೇಕೇ ಬೇಕು. ನಾನು ಬಟ್ಟೆ ಚೀಲಕ್ಕೆ ಒಣಗಿದ ರೋಬಸ್ಟಾ ಚೆರ್ರಿ ತುಂಬಿಸುತ್ತೇನೆ, ಮಳೆ ಬರುವ ಮುಂಚೆ ಖಾಲಿ ಮಾಡುತ್ತೇನೆ.

ತೋಟಕ್ಕೆ ಆನೆ ಬಂದ ದಿನ ಮಾತ್ರ ಕ್ಯಾಮೆರಾ ಮುಟ್ಟುವುದಿಲ್ಲ. ಉದ್ದ ಲೆನ್ಸ್ ಇದೆ ಅಂತ ಯಾರೂ ಆ ಧೈರ್ಯ ಮಾಡಬೇಡಿ. ಕಾಫಿ ಗಿಡದ ನಡುವೆ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಇನ್ನು ಹೂಮಳೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಒಳ್ಳೆ ಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ಕಾಫಿ ಹೂವಿನಿಂದ ತೋಟವೆಲ್ಲಾ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನದ ಸಂಭ್ರಮ ಅದು. ಈ ಲೆನ್ಸ್ 2.2 ಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಅಷ್ಟು ದೂರ ನಿಂತರೆ ಜೇನು ಗಲಿಬಿಲಿ ಆಗುವುದಿಲ್ಲ. ಹಿಂಗಾಲಿಗೆ ಪರಾಗ ಅಂಟಿಸಿಕೊಂಡ ತುಡುವೆ ಜೇನಿನ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ.

ಹೊಸದಾಗಿ ಕೊಳ್ಳುವವರು, ಮಿರರ್‌ಲೆಸ್ ಕ್ಯಾಮೆರಾ ಇದ್ದರೆ, 2023ರಲ್ಲಿ ಬಂದ ನಿಕಾನ್ ಝಡ್ 180-600 ಲೆನ್ಸ್ ಕೂಡ ನೋಡಿ. ಅದು ಜೂಮ್ ಮಾಡಿದರೂ ಉದ್ದ ಆಗುವುದಿಲ್ಲ, ನಮ್ಮ ಮಳೆಗೆ ಅದೊಂದೇ ದೊಡ್ಡ ವಿಷಯ. ಹಳೆಯ 200-500 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಟಾರ್ಚ್ ತಗೊಂಡು ಹೋಗಿ, ಎರಡೂ ಕಡೆಯಿಂದ ಬೆಳಕು ಬಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.