ಕಾಸರಗೋಡಿನಿಂದ ದುಬೈಗೆ: ಬಜ್ಪೆಯೋ, ಮಟ್ಟನ್ನೂರೋ?

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೆ ನೇರ ಆಕಾಶದೂರ ಸುಮಾರು 2,460 ಕಿ.ಮೀ. ಮಟ್ಟನ್ನೂರಿನ ಕಣ್ಣೂರು ನಿಲ್ದಾಣದಿಂದ ಸುಮಾರು 2,590. ಹೆಚ್ಚುವರಿ 130 ಕಿ.ಮೀ. ಹಾರಲು ಹತ್ತು ನಿಮಿಷ ಸಾಕು. ಎರಡೂ ಕಡೆ ಹಾರುವುದು ಬೋಯಿಂಗ್ 737, ಏರ್‌ಬಸ್ 320 ವರ್ಗದ ವಿಮಾನಗಳೇ. ಆದ್ದರಿಂದ ಆಕಾಶದೂರ ನೋಡಿ ನಿಲ್ದಾಣ ಆರಿಸಬೇಡಿ. ಮನೆಯಿಂದ ಚೆಕ್-ಇನ್ ಕೌಂಟರಿನವರೆಗಿನ ಹೊತ್ತನ್ನು ಲೆಕ್ಕ ಹಾಕಿ.

ಟಿಕೆಟಿನ ಸಮಯ ಓದುವಾಗ ಹಲವರು ಎಡವುತ್ತಾರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 9ಕ್ಕೆ ಹೊರಟು 11.15ಕ್ಕೆ ಇಳಿಯುತ್ತದೆ ಎಂದಿದ್ದರೆ ಪ್ರಯಾಣ ಎರಡೂಕಾಲು ಗಂಟೆಯದ್ದಲ್ಲ, ಮೂರೂ ಮುಕ್ಕಾಲು ಗಂಟೆಯದ್ದು. ಬರುವಾಗ ಇದರ ತಿರುವುಮುರುವು: ಟಿಕೆಟಿನಲ್ಲಿ ಐದು ಗಂಟೆ ಹತ್ತಿರ ಕಂಡರೂ ಕೂರಬೇಕಾದ್ದು ಮೂರೂಕಾಲು, ಮೂರೂವರೆ ಗಂಟೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಬಲವಾಗಿ ಬೀಸುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲಿನ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಹೋಗುವ, ಬರುವ ಹೊತ್ತಿನ ಈ ಅಂತರ ಕುಗ್ಗುತ್ತದೆ.

ಇನ್ನು ರಸ್ತೆ. ಕಾಸರಗೋಡು ಪೇಟೆಯಿಂದ ಬಜ್ಪೆಗೆ 60 ಕಿ.ಮೀ. ಮೇಲೆ, ಮಟ್ಟನ್ನೂರಿಗೆ 110ರ ಆಚೆ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಬಜ್ಪೆ ಬಿಟ್ಟು ಬೇರೆ ಯೋಚನೆಯೇ ಬೇಡ. ಹೊಸದುರ್ಗ, ಕಾಞಂಗಾಡಿಗೆ ಬಂದರೆ ಎರಡೂ ಹೆಚ್ಚುಕಡಿಮೆ ಸಮ ದೂರ. ನೀಲೇಶ್ವರ ದಾಟಿದರೆ ಮಟ್ಟನ್ನೂರೇ ಸರಿ.

ಬಜ್ಪೆ ದಾರಿಯಲ್ಲಿ ಹೊತ್ತು ತಿನ್ನುವುದು ಮಂಗಳೂರಿನ ಪಂಪ್‌ವೆಲ್, ನಂತೂರು, ಕೆಪಿಟಿ ಜಂಕ್ಷನ್‌ಗಳು. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದರಿಂದ ಎಂಟರ ನಡುವೆ ಅಲ್ಲಿಗೆ ಮುಟ್ಟುವವರು ಮುಕ್ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಪೆರ್ಲ, ಅಡ್ಯನಡ್ಕ ಕಡೆಯಿಂದ ಕಾರಿನಲ್ಲಿ ಬರುವವರು ವಿಟ್ಲ, ಬಿ.ಸಿ.ರೋಡ್, ಪೊಳಲಿ, ಕೈಕಂಬದ ಮೂಲಕ ಬಜ್ಪೆ ಸೇರಿದರೆ ಮಂಗಳೂರು ಪೇಟೆಯೇ ತಪ್ಪುತ್ತದೆ. ಬಸ್ಸಿನವರು ಗಮನಿಸಬೇಕಾದ್ದು: ಈಗಿನ ಟರ್ಮಿನಲ್ ಇರುವುದು ಕೆಂಜಾರಿನಲ್ಲಿ. ಬಜ್ಪೆ ಪೇಟೆವರೆಗೆ ಹೋಗಿಬಿಟ್ಟರೆ ಪೆಟ್ಟಿಗೆ ಹೊತ್ತು ಹಿಂದೆ ಬರಬೇಕು.

ಮಟ್ಟನ್ನೂರಿಗೆ ರೈಲು ಒಳ್ಳೆಯ ದಾರಿ. ಕಾಸರಗೋಡಿನಿಂದ ಕಣ್ಣೂರಿಗೆ ಒಂದೂಕಾಲು ಗಂಟೆ ಆಸುಪಾಸು, ಅಲ್ಲಿಂದ ಟ್ಯಾಕ್ಸಿಯಲ್ಲಿ ಇನ್ನೊಂದು ಗಂಟೆ. ರೈಲು ತಡವಾದರೂ ತೊಂದರೆಯಾಗದಂತೆ ಒಂದು ರೈಲು ಮೊದಲೇ ಹಿಡಿಯಿರಿ. ಅಂತರರಾಷ್ಟ್ರೀಯ ಕೌಂಟರು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಎರಡೂ ಕಡೆ ಮೋಡ ಕೆಳಗಿಳಿಯುತ್ತದೆ, ಎರಡೂ ಗುಡ್ಡದ ಮೇಲಿನ ನಿಲ್ದಾಣಗಳು. ಬಜ್ಪೆಯ ರನ್‌ವೇ 2,450 ಮೀಟರ್. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರಿನದ್ದು 3,050. ಉದ್ದದಲ್ಲಿ ಕಣ್ಣೂರು ಮೇಲು, ಆದರೆ ರನ್‌ವೇ ಕಾಣದಷ್ಟು ಮಳೆ ಹೊಡೆದಾಗ ಉದ್ದವೊಂದೇ ಸಾಲದು, ವಿಮಾನ ಬೇರೆಡೆ ಇಳಿಯಬಹುದು. ಅದೇ ದಿನ ಡ್ಯೂಟಿಗೆ ಹಾಜರಾಗಬೇಕಾದವರು ಮಳೆಗಾಲದಲ್ಲಿ ಒಂದು ದಿನ ಮೊದಲೇ ಹೊರಡುವುದು ಒಳ್ಳೆಯದು.

ದರ ಹೋಲಿಸುವಾಗ ಟಿಕೆಟಿಗೆ ಟ್ಯಾಕ್ಸಿ ಬಾಡಿಗೆ ಸೇರಿಸಿ, ಬಿಟ್ಟು ಬರುವ ಕಾರಿನ ಮರಳುವ ಎಣ್ಣೆ ಖರ್ಚನ್ನೂ ಸೇರಿಸಿ. ಉಚಿತ ಲಗೇಜು ಎಷ್ಟು ಕಿಲೋ ಎಂದೂ ನೋಡಿ. ಹಲಸಿನ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಕೊಂಡೊಯ್ಯುವವರಿಗೆ ಹೆಚ್ಚುವರಿ ತೂಕದ ದರವೇ ಟಿಕೆಟಿನ ಉಳಿತಾಯವನ್ನು ನುಂಗಬಹುದು.