ಕೈ ಗಂಟು ನೋಯುವವರು ರೊಟ್ಟಿ ಮಷಿನ್ ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಔಷಧ ಹಿಡಿದು ನೋವು ಒಂದು ಹದಕ್ಕೆ ಬಂದಿದೆ, ಆದರೆ ರೊಟ್ಟಿ ಬಡಿಯೋದು ಮಾತ್ರ ಆಗ್ತಿಲ್ಲ ಅನ್ನುವವರು ತಗೊಳ್ಳಿ. ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟೋಕೇ ಆಗ್ತಿಲ್ಲ ಅನ್ನುವವರು ಮೊದಲು ಡಾಕ್ಟರ ಹತ್ತಿರ ಹೋಗಿ. ಮಷಿನ್ ಆಮೇಲೆ.

ನಾನು ಗದಗದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಮಷಿನ್ ಬರುವ ಮೊದಲು ಖಾನಾವಳಿಗೆ ಬಿಸಿ ರೊಟ್ಟಿ, ಅಂಗಡಿಗಳಿಗೆ ಖಡಕ್ ರೊಟ್ಟಿ, ಮದುವೆ ಸೀಸನ್ ಬಂದರೆ ಎರಡೂ ಕೊಡುತ್ತಿದ್ದೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಕಡೆ ಯಾವ ಕೀಲು ನೋವಿಗೂ ವಾಯು ಅಂದು ಸುಮ್ಮನಾಗುತ್ತಾರೆ, ಆದರೆ ಇದು ವಯಸ್ಸಾಗಿ ಕೀಲು ಸವೆದು ಬರುವ ನೋವಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪದರಕ್ಕೆ ಉರಿಯೂತ ತರುತ್ತದೆ. ಎರಡೂ ಕೈಯ ಬೆರಳಿನ ಬುಡ, ಮಣಿಕಟ್ಟು, ಕಾಲ್ಬೆರಳು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಜೋರಾಗಿದ್ದಾಗ ಬೆಳಿಗ್ಗೆ ಒಂದು ತಾಸು ದಾಟಿದರೂ ಬೆರಳು ಮಡಚುವುದಿಲ್ಲ, ಖಾನಾವಳಿ ರೊಟ್ಟಿಗೆ ಎಸರು ಇಡಬೇಕಾದ್ದೂ ಅದೇ ಹೊತ್ತಿಗೆ.

'ಬಿಡವಾ ಇನ್ನ, ಕೈನ ಹ್ವಾದ್ರ ರೊಕ್ಕ ತಗೊಂಡ ಏನ್ ಮಾಡ್ತಿ?' ಅಂದರು ನಮ್ಮ ಅತ್ತೆ. ಕಾಳಜಿಯಿಂದಲೇ ಹೇಳಿದ್ದು, ಬೇಜಾರಿಲ್ಲ. ಆದರೆ ಧಂದೆ ಬಿಡು ಅಂದವರು ಯಾರೂ ಮನೆಯವರ ರೊಟ್ಟಿ ಬಿಡು ಅನ್ನಲಿಲ್ಲ ನೋಡಿ. ರೊಕ್ಕ ಬರುವ ರೊಟ್ಟಿ ನಿಲ್ಲಬೇಕು, ಬರದ ರೊಟ್ಟಿ ಎರಡು ಹೊತ್ತೂ ನಡೀಬೇಕು. ಇದು ಯಾವ ವಿಶ್ರಾಂತಿ?

ಡಾಕ್ಟರನ್ನು ನೇರವಾಗಿ ಕೇಳಿದೆ, ಈ ಕೆಲಸದಿಂದ ಕೈ ಹಾಳಾಗುತ್ತಾ ಅಂತ. ಬೆರಳು ಸೊಟ್ಟಗಾಗುವುದು ಮುಖ್ಯವಾಗಿ ಉರಿಯೂತ ಹಿಡಿತಕ್ಕೆ ಬಾರದೆ ಹಾಗೇ ಉಳಿದಾಗ, ಆದರೆ ಊದಿದ ಕೀಲಿನ ಮೇಲೆ ಹೊಡೆತ ಬಿದ್ದರೆ ತೊಂದರೆ ಇನ್ನೂ ಹೆಚ್ಚುತ್ತದೆ, ಹಾಗಂತ ಕೈಯನ್ನು ಪೂರ್ತಿ ಕಟ್ಟಿ ಕೂತರೂ ಬಲ ಹೋಗುತ್ತದೆ ಅಂದರು. ಮೆಥೊಟ್ರೆಕ್ಸೇಟ್ ಶುರುವಾಯಿತು. ಇದು ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ, ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಇದರ ಗುಣ ಕಾಣೋಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೆಲಸ ಬಿಡೋ ಮಾತೂ ಬೇಡ, ಮಷಿನ್ ತರೋ ಮಾತೂ ಬೇಡ ಅಂತ ಮನೆಯಲ್ಲಿ ಹೇಳಿಬಿಟ್ಟೆ. ಔಷಧ ಹತ್ತುವ ಮೊದಲಿನ ಕೈ ನೋಡಿ ನಿರ್ಧಾರ ಮಾಡಿದರೆ ಯಾರಾದರೂ ಬಿಟ್ಟೇ ಬಿಡ್ತಾರೆ.

ಈಗ ಮಷಿನ್ ವಿಷಯ. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು, ಸಾಗಿಸಿದ ಖರ್ಚು ಸೇರಿ ಒಂದೂವರೆ ಲಕ್ಷ ದಾಟಿತು. ಮನೆ ಕರೆಂಟಿನಲ್ಲೇ ಓಡುತ್ತದೆ. ಹಿಟ್ಟಿನ ಉಂಡೆ ಇಟ್ಟರೆ ರೋಲರ್ ಒತ್ತಿ ಅಗಲ ಮಾಡುತ್ತದೆ, ದುಂಡನೆಯ ಅಚ್ಚು ಕತ್ತರಿಸುತ್ತದೆ, ನಾವು ಎತ್ತಿ ಹಂಚಿಗೆ ಹಾಕಬೇಕು. ತಾಸಿಗೆ ಇಷ್ಟು ರೊಟ್ಟಿ ಅಂತ ಅವರು ಹೇಳಿದ ಲೆಕ್ಕ ಸುಮ್ನೆ ಬಿಡಿ. ಬೇಯಿಸಲು ಇರುವವರು ಇಬ್ಬರೇ, ಅದರ ಅರ್ಧ ಬಂದರೂ ನಮಗೆ ಹೆಚ್ಚೇ.

ಬಡಿಯುವ ಹೊಡೆತ ಪೂರ್ತಿ ತಪ್ಪಿತು. ಮಣಿಕಟ್ಟಿಗೆ ಎಷ್ಟು ಹಗುರ ಆಯ್ತು ಅಂದರೆ, ರಾತ್ರಿ ನಿದ್ದೆ ಬರುತ್ತಿದೆ. ಇದೊಂದಕ್ಕೇ ಐದರಲ್ಲಿ ಮೂರು ಮಾರ್ಕು ಕೊಡುತ್ತೇನೆ.

ಉಳಿದ ಎರಡು ಯಾಕೆ ಕೊಡಲ್ಲ ಅಂದರೆ, ಗಟ್ಟಿ ಕೈ ಇರುವವರಿಗಾಗಿ ಮಾಡಿದ ಮಷಿನ್ ಇದು. ದಿನಾ ತೊಳೆಯಲು ರೋಲರ್ ಬಿಚ್ಚಬೇಕು, ಅದಕ್ಕೆ ಕೈಯಲ್ಲಿ ತಿರುಗಿಸುವ ಸಣ್ಣ ನಟ್ಟುಗಳು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಂಡಿ ತಿರುಗಿಸುವುದಿದೆಯಲ್ಲ, ನಮ್ಮಂಥವರಿಗೆ ಅದಕ್ಕಿಂತ ಕೆಟ್ಟ ಕೆಲಸ ಇಲ್ಲ. ವರ್ಕ್‌ಶಾಪಿನವರಿಗೆ ಹೇಳಿ ನಟ್ಟಿಗೆ ಉದ್ದ ಹಿಡಿಕೆ ಬೆಸುಗೆ ಹಾಕಿಸಿದೆ, ಈಗ ಅಂಗೈಯಲ್ಲಿ ತಳ್ಳಿದರೆ ಸಾಕು. ಬಂದ್ ಮಾಡುವ ಸ್ವಿಚ್ ಹಿಂದುಗಡೆ ಇತ್ತು, ಅದನ್ನೂ ಮುಂದೆ ತರಿಸಿ ದೊಡ್ಡದು ಹಾಕಿಸಿದೆ. ಬಿಗಿಯಾದ ಬೆರಳು ಬೇಗ ಹಿಂದೆ ಬರುವುದಿಲ್ಲ, ಮುಂದೆ ರೋಲರ್ ತಿರುಗುತ್ತಿರುತ್ತದೆ. ರೋಲರಿನ ಬಾಯಿಗೆ ಜಾಳಿಗೆ ಇಲ್ಲದ ಮಷಿನ್ ಎಷ್ಟು ಸೋವಿಯಾದರೂ ತರಬೇಡಿ.

ಇನ್ನೊಂದು ವಿಷಯ ಯಾವ ಅಂಗಡಿಯವರೂ ಹೇಳುವುದಿಲ್ಲ. ಕೈಗೆ ಬಡಿಯುವುದಕ್ಕಿಂತ ನಾದುವುದೇ ಭಾರ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಕುದಿಯುವ ನೀರು ಹಾಕಿ ಹಿಟ್ಟನ್ನು ಅರೆಬೇಯಿಸಿದರೆ ಮಾತ್ರ ಜಿಗಿ ಬರುತ್ತದೆ, ಆಮೇಲೆ ಬಿಸಿ ಇರುವಾಗಲೇ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಕೈಯಲ್ಲಿ ಬಡಿಯುವಾಗ ಹದ ಒಂಚೂರು ಹೆಚ್ಚುಕಡಿಮೆ ಆದರೂ ಅಂಚು ಕೂಡಿಸಿಕೊಂಡು ಹೋಗ್ತೀವಿ, ಮಷಿನ್ ಅದನ್ನು ಕೇಳುವುದಿಲ್ಲ. ಎಸರು ಆರಿದ್ದರೆ ಅಥವಾ ಹಿಟ್ಟು ಹಳೆಯದಾಗಿದ್ದರೆ ರೋಲರಿನಲ್ಲೇ ಹರಿಯುತ್ತದೆ. ಅಂದರೆ ಮೊದಲಿಗಿಂತ ಇನ್ನೂ ಚೆನ್ನಾಗಿ ನಾದಬೇಕು! ಅದಕ್ಕೆ ನಾದುವ ಮಷಿನ್ ಬೇರೆ ತಗೊಂಡೆವು. ಒಂದಕ್ಕೇ ರೊಕ್ಕ ಇದೆ ಅನ್ನುವವರು ನಾದುವುದನ್ನು ತಗೊಳ್ಳಿ, ಬಡಿಯಲು ಕೂಲಿಗೆ ಯಾರಾದರೂ ಸಿಗುತ್ತಾರೆ.

ರುಚಿ? ಖಡಕ್ ರೊಟ್ಟಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಿಸಿ ರೊಟ್ಟಿಯಲ್ಲಿ ಗೊತ್ತಾಗುತ್ತದೆ, ಖಾನಾವಳಿ ಮಾಲೀಕರು ಅಂಚು ನೋಡಿಯೇ 'ಮಷಿನ್ ರೊಟ್ಟಿ ಏನ್ರೀ?' ಅಂದರು. ಕೈರೊಟ್ಟಿಯಷ್ಟು ಚೆನ್ನಾಗಿ ಉಬ್ಬುವುದಿಲ್ಲ, ನಿಜ.

ಆ ಮಾತಿನಿಂದ ನನಗೊಂದು ಉಪಕಾರವೇ ಆಯಿತು. ಬಿಸಿ ರೊಟ್ಟಿ ಬಿಟ್ಟೆ. ಬಿಸಿ ರೊಟ್ಟಿ ಅಂದರೆ ದಿನಾ, ಹೇಳಿದ ಹೊತ್ತಿಗೆ, ನೋವಿರಲಿ ಬಿಡಲಿ ಕೊಡಲೇಬೇಕು. ಖಡಕ್ ರೊಟ್ಟಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕೈ ಚೆನ್ನಾಗಿರುವ ದಿನ ಮಧ್ಯಾಹ್ನ ಕೂತು ಹೆಚ್ಚಿಗೆ ಮಾಡಿಡುತ್ತೇವೆ, ನೋವು ಕೆರಳಿದ ದಿನ ಕಪಾಟಿನಿಂದ ತೆಗೆದು ಕೊಡುತ್ತೇವೆ. ಕಾರ್ಖಾನೆಯಲ್ಲಿ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕರ ವಿಮೆ, ಇರುವವರಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಕೂಲಿ ಸಿಗುತ್ತದೆ. ಮನೆಯಲ್ಲಿ ರೊಟ್ಟಿ ಮಾಡುವವಳಿಗೆ ಆ ರಜೆ ಯಾರು ಕೊಡ್ತಾರೆ? ಕಪಾಟಿನಲ್ಲಿರುವ ರೊಟ್ಟಿಯೇ ನನ್ನ ರಜೆ. ಮಾತ್ರೆ ನುಂಗುವುದು ಶನಿವಾರ ರಾತ್ರಿ, ಮರುದಿನ ಹೊಟ್ಟೆ ತೊಳಸುತ್ತದೆ, ಹಾಗಾಗಿ ಭಾನುವಾರ ಒಲೆ ಹಚ್ಚುವುದಿಲ್ಲ. ಆದಾಯ ಕಡಿಮೆಯಾಗಿದೆ. ಖಾನಾವಳಿಯ ರೊಕ್ಕ ದಿನದಿನ ಬರುತ್ತಿತ್ತು, ಅಂಗಡಿಯವರು ತಡ ಮಾಡುತ್ತಾರೆ.

ಸಾಲದ ಬಗ್ಗೆ ಬಹಳ ಜನ ಕೇಳುತ್ತಾರೆ. ನಾವು ವಿಚಾರಿಸಿದಾಗ, ಸಣ್ಣ ಆಹಾರ ಉದ್ದಿಮೆಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಬ್ಸಿಡಿ ಇತ್ತು, ಕರ್ನಾಟಕ ಸರ್ಕಾರ ಮೇಲೆ ಶೇ. 15 ಸೇರಿಸುತ್ತಿತ್ತು, ಅರ್ಧ ರೊಕ್ಕ ಅಂದಂತಾಯಿತು. ಆದರೆ ಕೇಂದ್ರದ ಸಬ್ಸಿಡಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇದ್ದು, ಸಾಲ ಸರಿಯಾಗಿ ಕಟ್ಟುತ್ತಾ ಧಂದೆ ನಡೆಯುತ್ತಿದ್ದರೆ ಮೂರು ವರ್ಷದ ನಂತರ ಸಾಲಕ್ಕೆ ಜಮಾ ಆಗುತ್ತದೆ. ಈ ಮೂರು ವರ್ಷ ಅನ್ನುವುದೇ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮುಂದಿನ ತಿಂಗಳು ಕೈ ಹೇಗಿರುತ್ತದೋ ಗೊತ್ತಿಲ್ಲದವಳು ಮೂರು ವರ್ಷದ ಮಾತು ಹೇಗೆ ಕೊಡಲಿ? ಕೈ ನೋವು ಅಂತ ಕಂತು ನಿಲ್ಲುವುದಿಲ್ಲವಲ್ಲ. ಕೊನೆಗೆ ನಮ್ಮ ನೆಗೆಣ್ಣಿಯೇ ಮುಂದೆ ಬಂದಳು. ಸಾಲ ಅವಳ ಹೆಸರಲ್ಲಿ, ಧಂದೆಯಲ್ಲಿ ಇಬ್ಬರಿಗೂ ಸಮಪಾಲು. ಮೊದಲು ಅವಳು ನನ್ನ ಹತ್ತಿರ ಕೂಲಿಗೆ ಬಡಿಯುತ್ತಿದ್ದಳು. ಅರ್ಧ ಪಾಲು ಬಿಟ್ಟುಕೊಡುವುದು ಸುಲಭವಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಪೂರ್ತಿ ಬಿಡುವುದು ಮತ್ತು ಒಬ್ಬಳೇ ಎಳೆಯುವುದು, ಈ ಎರಡೇ ದಾರಿ ಇದೆ ಅಂತ ಎಲ್ಲರೂ ಮಾತಾಡುತ್ತಿದ್ದಾಗ ಸಿಕ್ಕಿದ್ದು ಇದು. ಹಿಟ್ಟಿನ ಚೀಲ ಎತ್ತುವುದು, ಮಷಿನ್ ತೊಳೆಯುವುದು ಅವಳದು. ಲೆಕ್ಕ, ಆರ್ಡರು, ಎಸರಿನ ಹದ ನೋಡುವುದು, ಮಷಿನ್ನಿಗೆ ಉಂಡೆ ಕೊಡುವುದು ನನ್ನದು.

ಜೊತೆಗೆ ಇನ್ನೊಬ್ಬರು ಇಲ್ಲದಿದ್ದರೆ ನಾನಂತೂ ಈ ಮಷಿನ್ ತಗೊಳ್ಳಿ ಅನ್ನುವುದಿಲ್ಲ.

ನೋಡಲು ಹೋಗುವವರು ಮಧ್ಯಾಹ್ನ ಹೋಗಬೇಡಿ. ಮಧ್ಯಾಹ್ನ ಎಲ್ಲರ ಕೈಯೂ ಚೆನ್ನಾಗಿರುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಂಗಡಿ ತೆಗೆಯುತ್ತಿದ್ದಂತೆ ನಿಂತು, ನಿಮ್ಮ ಮನೆಯ ಹಿಟ್ಟನ್ನೇ ಕೊಟ್ಟು ಓಡಿಸಲು ಹೇಳಿ. ಆಮೇಲೆ ರೋಲರ್ ನೀವೇ ಬಿಚ್ಚಿ, ತೊಳೆದು, ತಿರುಗಿ ಜೋಡಿಸಿ. 'ನಮ್ಮ ಹುಡುಗ ಮಾಡ್ತಾನ ಬಿಡ್ರೀ ಅಕ್ಕಾರ' ಅಂತಾರೆ, ಬಿಡಬೇಡಿ, ಆ ಹುಡುಗ ನಿಮ್ಮ ಮನೆಗೆ ಬರುವುದಿಲ್ಲ.