ಸ್ಟರ್ನ್‌ಡ್ರೈವ್ ಗೊರಗುಟ್ಟಿದಾಗ: ಸ್ಕ್ರೂಡ್ರೈವರ್, ಸ್ಟೆತಾಸ್ಕೋಪ್, ಆರು ಮೈಕಿನ ಸೆಟ್

ನನ್ನ ಬೋಟ್ ತಿರುಗಿಸಿದಾಗ ಬರುತ್ತಿದ್ದ ಗೊರಗೊರ ಸದ್ದು ಎಲ್ಲಿಂದ ಅಂತ ಹುಡುಕಲು ಮೂರು ಸಾಧನ ಬಳಸಿದೆ. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನನ್ನ ಕೈ ಹಿಡಿದದ್ದು 450 ರೂಪಾಯಿಯ ಮೆಕ್ಯಾನಿಕ್ ಸ್ಟೆತಾಸ್ಕೋಪ್. 7,800 ರೂಪಾಯಿ ಕೊಟ್ಟು ತರಿಸಿದ ಆರು ಮೈಕಿನ ಸೆಟ್ ಬೋಟಿನ ಕೆಲಸಕ್ಕೆ ಬರಲಿಲ್ಲ. ಮಾವನ ಉದ್ದನೆಯ ಸ್ಕ್ರೂಡ್ರೈವರ್ ಅರ್ಧ ದಾರಿಯವರೆಗೆ ಕರೆದುಕೊಂಡು ಹೋಯಿತು. ಇದೇ ಸದ್ದಿಗೆ ಒಬ್ಬ ಮೆಕ್ಯಾನಿಕ್ ನನಗೆ ಒಂದೂವರೆ ಲಕ್ಷದ ಖರ್ಚು ಹೇಳಿದ್ದರು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನದು 19 ಅಡಿಯ ಫೈಬರ್ ಬೋಟ್, ಗೋವಾದಿಂದ ತಂದ ಸೆಕೆಂಡ್ ಹ್ಯಾಂಡ್. ಕಾರವಾರದ ಕೋಡಿಬಾಗದಿಂದ ಪ್ರವಾಸಿಗರನ್ನು ಕೂರಿಸಿಕೊಂಡು ಕಾಳಿ ಹೊಳೆಯಲ್ಲಿ ಸುತ್ತಿಸುತ್ತೇನೆ. ಅಳಿವೆ ದಾಟಿ ಡಾಲ್ಫಿನ್ ತೋರಿಸುತ್ತೇನೆ. ಸಮುದ್ರ ಶಾಂತವಿದ್ದರೆ ಕೂರ್ಮಗಡ ದ್ವೀಪದ ಹತ್ತಿರದವರೆಗೂ ಹೋಗುತ್ತೇವೆ. ನಮ್ಮಲ್ಲಿ ಟ್ರಾಲರ್ ಅಂದರೆ ಡೀಸೆಲ್ ಎಂಜಿನ್, ನೆಟ್ಟಗೆ ಹೊರಗೆ ಹೋಗುವ ಶಾಫ್ಟ್. ಸಣ್ಣ ದೋಣಿ ಅಂದರೆ ಔಟ್‌ಬೋರ್ಡ್, ಎಂಜಿನ್ನೇ ಹಿಂದೆ ಹೊರಗೆ ತೂಗುತ್ತದೆ. ನನ್ನದರಲ್ಲಿ ಇರುವುದು ಸ್ಟರ್ನ್‌ಡ್ರೈವ್. ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹೊರಗೆ. ಇದನ್ನು ವೋಲ್ವೋ ಪೆಂಟಾ 1959ರಲ್ಲೇ ಮಾರುಕಟ್ಟೆಗೆ ತಂದಿತ್ತು. ಆದರೆ ಈ ಕಡೆ ಅದು ಇವತ್ತಿಗೂ ಅಪರೂಪ. ಅದರ ಸದ್ದು ಕೇಳಿ ಪಳಗಿದ ಕಿವಿಗಳೂ ಅಷ್ಟೇ ಅಪರೂಪ.

ಇದರಲ್ಲಿ ಸ್ಟೀರಿಂಗ್ ತಿರುಗಿಸಿದರೆ ಹೊರಗಿನ ಇಡೀ ಕಾಲೇ ತಿರುಗುತ್ತದೆ. ಅಂದರೆ ಎಂಜಿನ್‌ನಿಂದ ಬರುವ ಶಾಫ್ಟ್ ಸುತ್ತುತ್ತಲೇ ಬಾಗಬೇಕು. ಅದಕ್ಕೆ ಲಾರಿ ಗ್ಯಾರೇಜಿನವರು ಕ್ರಾಸ್ ಅನ್ನುವ ಯು-ಜಾಯಿಂಟ್‌ಗಳು ಇರುತ್ತವೆ. ಅದಕ್ಕೂ ಮೊದಲು ಎಂಜಿನ್ ಕಡೆಗೆ, ಟ್ರಾನ್ಸಮ್ ಅಂದರೆ ಬೋಟಿನ ಹಿಂಗೋಡೆಯಲ್ಲಿ, ಶಾಫ್ಟನ್ನು ಹಿಡಿದುಕೊಳ್ಳುವ ಗಿಂಬಲ್ ಬೇರಿಂಗ್ ಇರುತ್ತದೆ. ಇವಕ್ಕೆ ಉಪ್ಪುನೀರು ತಾಗದ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ತೋಳು ಸುತ್ತಿರುತ್ತದೆ. ಅದೇ ಬೆಲ್ಲೋಸ್.

ಜನವರಿಯಲ್ಲಿ ಸದ್ದು ಶುರುವಾಯಿತು. ನೆಟ್ಟಗೆ ಹೋಗುವಾಗ ಏನೂ ಇಲ್ಲ. ಎಡಕ್ಕೆ ತಿರುಗಿಸಿದರೆ ಕಾಲಡಿಯಲ್ಲಿ ಗೊರ್ರ್ ಅನ್ನುತ್ತಿತ್ತು. ಖಾಲಿ ಬೀಸುಕಲ್ಲು ತಿರುಗಿಸಿದ ಹಾಗೆ. ಮೆಕ್ಯಾನಿಕ್ ಬಂದರು, ದಕ್ಕೆಯ ಮೇಲೆ ನಿಂತೇ ಎರಡು ನಿಮಿಷ ಕೇಳಿದರು. ಕೆಳಗಿನ ಗೇರ್ ಹೋಗಿದೆ, ಡ್ರೈವ್ ಅಂದರೆ ಹೊರಗಿನ ಕಾಲನ್ನೇ ಪೂರ್ತಿ ಬದಲಿಸಬೇಕು ಅಂದರು. ಸೀಸನ್ ನಡುವೆ ಒಂದೂವರೆ ಲಕ್ಷ ಎಲ್ಲಿಂದ ತರೋದು? ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಾವನನ್ನು ಕರೆದೆ. ಬೈತಖೋಲ ಬಂದರಿನಲ್ಲಿ ವರ್ಷಗಟ್ಟಲೆ ಟ್ರಾಲರ್ ಎಂಜಿನ್ ನೋಡಿದವರು. ಅವರ ಬಳಿ ಮರದ ಹಿಡಿಯ ಮೊಳದುದ್ದದ ಸ್ಕ್ರೂಡ್ರೈವರ್ ಇದೆ. ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಕಣ್ಣು ಮುಚ್ಚುತ್ತಾರೆ. ಆಲ್ಟರ್ನೇಟರ್, ನೀರಿನ ಪಂಪ್, ಎಂಜಿನ್ ಬ್ಲಾಕ್ ಒಂದೊಂದಾಗಿ ಮುಟ್ಟಿದರು. "ಇದು ಎಂಜಿನ್ ಅಲ್ವೋ ತಮಾ, ಹಿಂದಿಂದ ಬರ್ತದೆ" ಅಂದರು. ಅದು ಸರಿಯೇ ಆಗಿತ್ತು. ಖರ್ಚು ಸೊನ್ನೆ.

ಆದರೆ ಅಲ್ಲಿಂದ ಮುಂದೆ ಸ್ಕ್ರೂಡ್ರೈವರ್ ಸಾಲಲಿಲ್ಲ. ಎಂಜಿನ್ ಮತ್ತು ಟ್ರಾನ್ಸಮ್ ನಡುವಿನ ಸಂದಿಯಲ್ಲಿ ಕೈ ತೂರುತ್ತದೆ, ತಲೆ ತೂರುವುದಿಲ್ಲ. ಇನ್ನೊಂದು ಭಯ, ಬೋಟ್ ಅಲುಗಾಡುತ್ತಲೇ ಇರುತ್ತದೆ. ಓಡುವ ಬೆಲ್ಟಿನ ಪಕ್ಕ ಮುಖ ಇಟ್ಟು ಬಗ್ಗಿರುವಾಗ ಪಕ್ಕದಲ್ಲಿ ಇನ್ನೊಂದು ಬೋಟ್ ಹಾದು ಅಲೆ ಎದ್ದರೆ ಏನು ಗತಿ? ಮಾವನಿಗೆ ರೂಢಿ ಇದೆ. ನನಗೆ ಬೇಡ ಅನಿಸಿತು.

ಆಗ ಮಾಡಿದ ಖರೀದಿ ಆರು ಮೈಕಿನ ಸೆಟ್. ಕಾರಿನ ಸಸ್ಪೆನ್ಷನ್ ಸದ್ದು ಹುಡುಕಲು ಮಾಡಿದ್ದು. ಆರು ವೈರ್, ಪ್ರತಿಯೊಂದರ ತುದಿಯಲ್ಲಿ ಮೈಕ್ ಇರುವ ಕ್ಲಿಪ್, ಜೊತೆಗೆ ಮ್ಯಾಗ್ನೆಟ್, ಒಂದು ಪೆಟ್ಟಿಗೆ, ಒಂದು ಹೆಡ್‌ಫೋನ್. ಗುಂಡಿ ತಿರುಗಿಸಿದರೆ ಒಂದೊಂದೇ ಜಾಗದ ಸದ್ದು ಕೇಳುತ್ತದೆ. ಓಡಿಸುತ್ತಲೇ ಕೇಳಬಹುದು, ಇನ್ನೊಬ್ಬರ ಸಹಾಯ ಬೇಡ. ನನಗೆ ಬೇಕಾದದ್ದು ಇದೇ ಅಲ್ವಾ ಅಂತ ತರಿಸಿದೆ.

ಮೊದಲ ತೊಂದರೆ ಮ್ಯಾಗ್ನೆಟ್. ನನ್ನ ಬೋಟಿನಲ್ಲಿ ಡ್ರೈವ್ ಅಲ್ಯೂಮಿನಿಯಂ, ಟ್ರಾನ್ಸಮ್ ಪ್ಲೇಟೂ ಅಲ್ಯೂಮಿನಿಯಂ. ಮ್ಯಾಗ್ನೆಟ್ ಜಾರಿ ಜಾರಿ ಕೆಳಗೆ ಬೀಳುತ್ತಿತ್ತು. ಕ್ಲಿಪ್ಪಾದರೂ ಹಾಕೋಣ ಅಂದರೆ ಅದಕ್ಕೆ ಕಚ್ಚಲು ತೆಳ್ಳಗಿನ ಅಂಚು ಬೇಕು. ಎರಕದ ದಪ್ಪ ಪ್ಲೇಟಿನಲ್ಲಿ ಅಂಥ ಅಂಚು ಎಲ್ಲಿದೆ? ಕೊನೆಗೆ ಬೋಲ್ಟಿನ ತಲೆಗಳಿಗೆ ಸಿಕ್ಕಿಸಿದೆ. ಒಂದು ಗಟ್ಟಿಯಾಗಿ ಕೂತರೆ ಇನ್ನೊಂದು ಸಡಿಲ. ಗಟ್ಟಿ ಕೂತ ಮೈಕಿನಲ್ಲಿ ಸದ್ದು ಜೋರು, ಸಡಿಲ ಕೂತದ್ದರಲ್ಲಿ ಮೆಲ್ಲಗೆ. ನಾನು ಜೋರಿದ್ದಲ್ಲೇ ತೊಂದರೆ ಅಂದುಕೊಂಡೆ. ಮೊದಲ ದಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅನ್ನಿಸಿತು. ಮರುದಿನ ಕ್ಲಿಪ್ ಜಾಗ ಬದಲಿಸಿದೆ, ಸ್ಟಾರ್ಟರ್ ಮೋಟಾರ್ ಪಕ್ಕ ಅನ್ನಿಸಿತು. ಸ್ಟಾರ್ಟರ್ ಆಗ ಸುತ್ತುವುದೇ ಇಲ್ಲ!

ಎರಡನೆಯದು ನೀರು. ನಿಜವಾಗಿ ಕೇಳಬೇಕಾದ ಅರ್ಧ ಭಾಗ ಹೊರಗೆ, ನೀರಿನಲ್ಲಿದೆ. ಈ ಮೈಕ್‌ಗಳನ್ನು ನೀರಿಗೆ ಇಳಿಸುವಂತಿಲ್ಲ. ಬೋಟನ್ನು ಟ್ರೈಲರ್ ಮೇಲೆ ಎಳೆದು, ನೀರು ಹೀರುವ ಕಿಂಡಿಗೆ ಮಫ್ ಅಂದರೆ ಪೈಪ್ ಸಿಕ್ಕಿಸುವ ರಬ್ಬರ್ ಬಟ್ಟಲು ಹಾಕಿ, ನಲ್ಲಿ ನೀರು ಬಿಟ್ಟು ಓಡಿಸಿ ನೋಡಿದೆ. ಮಫ್ ಮೇಲೆ 1500 ಆರ್‌ಪಿಎಂ ದಾಟಿಸುವಂತಿಲ್ಲ. ಸ್ಟೀರಿಂಗೂ ನೆಟ್ಟಗೇ ಇತ್ತು. ಸದ್ದು ಮಾಯವಾಯಿತು. ಎರಡು ದಿನದ ಬಾಡಿಗೆ ಬಿಟ್ಟು ಬೋಟ್ ಎಳೆದದ್ದು ದಂಡವಾಯಿತು.

ಮೂರನೆಯದು ವೈರ್. ಆರು ವೈರ್‌ಗಳನ್ನು ಬೆಲ್ಟಿನಿಂದ ದೂರ ಕಟ್ಟುವುದೇ ಅರ್ಧ ಗಂಟೆಯ ಕೆಲಸ. ಎರಡೇ ವಾರದಲ್ಲಿ ಕ್ಲಿಪ್‌ನ ಸ್ಪ್ರಿಂಗ್‌ಗಳಿಗೆ ತುಕ್ಕು ಬಂತು. ಉಪ್ಪುಗಾಳಿಗೆ ಮಾಡಿದ ಸಾಮಾನು ಅದಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವುದನ್ನೂ ಮಾಡಿದೆ. ಬರೀ ಎಂಜಿನ್ ಸದ್ದು ಬಂತು, ಬೇಕಾದ ಗೊರಗೊರ ಬರಲೇ ಇಲ್ಲ.

ಸ್ಟೆತಾಸ್ಕೋಪ್ ತರಿಸಿದ್ದು ಕೊನೆಗೆ. ಡಾಕ್ಟರ್ ಬಳಸುವ ಥರದ್ದೇ, ಎದೆಗೆ ಇಡುವ ಬಿಲ್ಲೆಯ ಬದಲು ಉದ್ದನೆಯ ಉಕ್ಕಿನ ಕಡ್ಡಿ. ಕಡ್ಡಿ ಸಂದಿಯೊಳಗೆ ಹೋಗುತ್ತದೆ, ತಲೆ ಹೊರಗೇ ಇರುತ್ತದೆ. ಸ್ಕ್ರೂಡ್ರೈವರ್‌ನಲ್ಲಿ ಇಲ್ಲದ ಅನುಕೂಲ ಇದೊಂದೇ. ಆದರೆ ಬೋಟಿನಲ್ಲಿ ಅದೇ ಎಲ್ಲ.

ಬೆಳಗಿನ ಉಬ್ಬರ ತುಂಬಿ ನೀರು ನಿಂತ ಹೊತ್ತಿನಲ್ಲಿ ದಕ್ಕೆಗೆ ಕಟ್ಟಿಯೇ ಪರೀಕ್ಷೆ ಮಾಡಿದೆವು. ಭಾವ ಸ್ಟೀರಿಂಗ್ ಹಿಡಿದರು. ಗೇರ್ ನ್ಯೂಟ್ರಲ್, 1500 ಆರ್‌ಪಿಎಂ. ನೆಟ್ಟಗಿದ್ದಾಗ ಟ್ರಾನ್ಸಮ್ ಪ್ಲೇಟಿನ ಒಳಬದಿಗೆ ಕಡ್ಡಿ ಇಟ್ಟೆ. ನುಣ್ಣಗಿನ ಸುಂಯ್ ಸದ್ದು ಕೇಳಿತು. "ಭಾವಾ, ಎಡಕ್ಕೆ ಪೂರ್ತಿ" ಅಂದೆ. ಕಡ್ಡಿ ಅಲ್ಲಾಡಿಸಲಿಲ್ಲ. ಸುಂಯ್ ಹೋಗಿ ಗೊರ್ರ್ ಬಂತು. ನೆಟ್ಟಗೆ ಮಾಡಿಸಿದೆ, ಹೋಯಿತು. ಮತ್ತೆ ಎಡಕ್ಕೆ, ಮತ್ತೆ ಬಂತು. ಕೈಗೇ ಅದು ತಾಗುತ್ತಿತ್ತು.

ಮೈಕ್ ಸೆಟ್‌ನಲ್ಲಿ ನಾನು ತಪ್ಪಿದ್ದು ಎಲ್ಲಿ ಅಂತ ಆಗ ಗೊತ್ತಾಯಿತು. ಲೋಹದಲ್ಲಿ ಸದ್ದು ಎಲ್ಲ ಕಡೆ ಹರಿಯುತ್ತದೆ. ಈ ಜಾಗ ಜೋರೋ, ಆ ಜಾಗ ಜೋರೋ ಅಂತ ಹುಡುಕಿದರೆ ಸುಮ್ನೆ ಅಲೆಯಬೇಕು. ಒಂದೇ ಜಾಗದಲ್ಲಿ ಕಡ್ಡಿ ಇಟ್ಟು, ಸ್ಟೀರಿಂಗ್ ಮಾತ್ರ ಬದಲಿಸಿ ಕೇಳಬೇಕು. ಆಲ್ಟರ್ನೇಟರ್ ಹತ್ತಿರ ತಿರುಗಿಸಿದರೂ ತಿರುಗಿಸದಿದ್ದರೂ ಒಂದೇ ಸದ್ದು. ಹಾಗಾಗಿ ಅದನ್ನು ಬಿಟ್ಟೆ. ಹಿಂದೆ ಬೋರಲು ಮಲಗಿ ಡ್ರೈವಿನ ತಲೆಭಾಗಕ್ಕೆ ಇಟ್ಟೆ. ಗೇರಿನ ಸಣ್ಣ ಸಿಳ್ಳು ಒಂದೇ ಸಮನೆ ಇತ್ತು, ಗೊರಗೊರ ದೂರದಿಂದ ಬಂದ ಹಾಗೆ. ಪ್ರೊಪೆಲ್ಲರ್ ನ್ಯೂಟ್ರಲ್‌ನಲ್ಲಿ ಸುತ್ತುವುದೇ ಇಲ್ಲ, ಆದರೂ ಸದ್ದು ಬರುತ್ತಿತ್ತು. ಅಂದಮೇಲೆ ಪ್ರೊಪೆಲ್ಲರೂ ಅದರ ಶಾಫ್ಟೂ ಅಲ್ಲ. ಉಳಿದದ್ದು ಗಿಂಬಲ್ ಬೇರಿಂಗ್ ಅಥವಾ ಕ್ರಾಸ್. ಕ್ರಾಸ್ ಹೋದರೆ ತಿರುಗಿಸುವಾಗ ಟಕ್ ಟಕ್ ಅಂತ ಲೆಕ್ಕ ಹಾಕಿದ ಹಾಗೆ ಬಡಿಯುತ್ತದೆ. ಇದು ಬಡಿಯುತ್ತಿರಲಿಲ್ಲ, ಅರೆಯುತ್ತಿತ್ತು.

ಇದರಲ್ಲೂ ಕಿರಿಕಿರಿ ಇದೆ. ಗಾಳಿ ಬೀಸಿದರೆ ರಬ್ಬರ್ ನಳಿಗೆಯಲ್ಲಿ ಬರೀ ಹೋ ಅನ್ನುತ್ತದೆ. ಓಡುವ ಬೋಟಿನಲ್ಲಿ ಉಪಯೋಗವಿಲ್ಲ. ಜೊತೆಗೆ ಒಬ್ಬರು ಬೇಕೇ ಬೇಕು.

ಗೇರ್ ಹೋಗಿದೆ ಅಂದಿದ್ದರಲ್ಲ, ಅದನ್ನು ಪರೀಕ್ಷಿಸಲು ಯಾವ ಸಾಧನವೂ ಬೇಡ. ಡ್ರೈವಿನ ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಎಣ್ಣೆ ಇಳಿಸಿ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಸ್ಕ್ರೂ ತುದಿಯ ಮ್ಯಾಗ್ನೆಟ್‌ನಲ್ಲಿ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಹೆದರಬೇಕಿಲ್ಲ. ಹೊಳೆಯುವ ಚೂರು ಸಿಕ್ಕರೆ ಗೇರ್ ತಿನ್ನುತ್ತಿದೆ. ನನ್ನ ಎಣ್ಣೆ ಸ್ವಚ್ಛವಾಗಿತ್ತು. ಇದಿಷ್ಟನ್ನು ಆ ಮೆಕ್ಯಾನಿಕ್ ಮೊದಲ ದಿನವೇ ನೋಡಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಬೋಟ್ ಮತ್ತೆ ಎಳೆದು, ಆರು ನಟ್ ಬಿಚ್ಚಿ, ನಾನು ಭಾವ ಇಬ್ಬರೂ ಸೇರಿ ಡ್ರೈವ್ ಹಿಂದಕ್ಕೆ ಸರಿಸಿದೆವು. ಬೆಲ್ಲೋಸ್ ಒಳಗಿಂದ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು. ರಬ್ಬರಿನ ಎರಡನೇ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಬೋಟಿನ ತಳಕ್ಕೆ ಅಂಟುವ ಆ ಚೂಪು ಚಿಪ್ಪು ಮಡಿಕೆಯಲ್ಲಿ ಬೆಳೆದು, ತಿರುಗಿಸಿದಾಗಲೆಲ್ಲ ರಬ್ಬರನ್ನು ಕೊಯ್ದಿತ್ತು. ಬೇರಿಂಗಿನೊಳಗೆ ಎರಡು ಬೆರಳು ಹಾಕಿ ತಿರುಗಿಸಿದೆ. ನುಣ್ಣಗೆ ಸುತ್ತಬೇಕಾದದ್ದು ಹಲ್ಲಿಗೆ ಮರಳು ಸಿಕ್ಕ ಹಾಗೆ ಕರಕರ ಅಂದಿತು. ಕ್ರಾಸ್‌ಗಳು ಮಾತ್ರ ಗಟ್ಟಿಯಾಗಿದ್ದವು, ಗ್ರೀಸ್ ಹೊಡೆದೆವು.

ಹೊಸ ಬೇರಿಂಗ್, ಬೆಲ್ಲೋಸ್, ಗ್ಯಾಸ್ಕೆಟ್, ಬೇರಿಂಗ್ ಕೂರಿಸಿದವರ ಕೂಲಿ ಎಲ್ಲ ಸೇರಿ 23,000 ರೂಪಾಯಿ. ಡ್ರೈವ್ ವಾಪಸ್ ಹಾಕುವ ಮೊದಲು ಅಲೈನ್‌ಮೆಂಟ್ ರಾಡ್ ತೂರಿಸಿ ಎಂಜಿನ್ ನೇರವಾಗಿ ಕೂತಿದೆಯಾ ಅಂತ ನೋಡಿಸಿದೆ. ಇದನ್ನು ಬಿಡಬೇಡಿ. ಎಂಜಿನ್ ಸ್ವಲ್ಪ ಕುಸಿದಿದ್ದರೂ ಹೊಸ ಬೇರಿಂಗ್ ಬೇಗ ಹೋಗುತ್ತದೆ.

ನನಗೆ ವಾರದ ಕೊನೆಯ ಬಾಡಿಗೆಯೇ ಆದಾಯ. ಸದ್ದು ಬಂದರೆ ಸೋಮವಾರ ಕೇಳಿ, ಬುಧವಾರ ಬಿಚ್ಚಿ, ಶುಕ್ರವಾರದೊಳಗೆ ನೀರಿಗಿಳಿಸಬೇಕು. ಭಾವ ಪಕ್ಕದ ಮನೆಯಲ್ಲೇ ಇದ್ದಾರೆ, ಹಾಗಾಗಿ ಇಬ್ಬರು ಬೇಕು ಅನ್ನುವುದು ನನಗೆ ಕಷ್ಟವಲ್ಲ. ಅದಕ್ಕೇ ಸ್ಟೆತಾಸ್ಕೋಪ್. ಹಣ ಖರ್ಚೇ ಬೇಡ, ಎಂಜಿನ್ ಸುತ್ತ ಜಾಗ ಬೇಕಾದಷ್ಟಿದೆ ಅನ್ನುವ ಟ್ರಾಲರಿನವರಿಗೆ ಮಾವನ ಸ್ಕ್ರೂಡ್ರೈವರ್ ಸಾಕು. ಮೈಕ್ ಸೆಟ್ಟನ್ನು ಸದಾಶಿವಗಡದಲ್ಲಿ ಕಾರ್ ಗ್ಯಾರೇಜ್ ಇಟ್ಟಿರುವ ಗೆಳೆಯನಿಗೆ 4,000ಕ್ಕೆ ಕೊಟ್ಟೆ. ಅವನಿಗೆ ಅದು ದಿನಾ ಬೇಕಾಗುತ್ತದಂತೆ.

ಸ್ಟೆತಾಸ್ಕೋಪ್ ಈಗ ಬೋಟಿನ ಕೀ ತೂಗುವ ಮೊಳೆಗೇ ತೂಗುತ್ತದೆ. ತಿಂಗಳಿಗೊಮ್ಮೆ ಗಿಂಬಲ್ ಬೇರಿಂಗಿನ ನಿಪ್ಪಲ್‌ಗೆ ಗ್ರೀಸ್ ಹೊಡೆಯುವ ದಿನ, ಟ್ರಾನ್ಸಮ್ ಪ್ಲೇಟಿನ ಅದೇ ಜಾಗಕ್ಕೆ ಕಡ್ಡಿ ಇಟ್ಟು ಭಾವನಿಗೆ ಎಡಕ್ಕೆ, ಬಲಕ್ಕೆ ಅನ್ನುತ್ತೇನೆ. ಮಳೆಗಾಲಕ್ಕೆ ಬೋಟ್ ಮೇಲೆ ಎಳೆದಾಗ ಬೆಲ್ಲೋಸ್‌ನ ಒಂದೊಂದು ಮಡಿಕೆಯನ್ನೂ ಬಿಡಿಸಿ ಚಿಪ್ಪು ಕೆರೆದು ತೆಗೆಯುವ ಕೆಲಸವಿದೆ. ಅದಕ್ಕೆ ಮರದ ಚೂರೇ ಬಳಸಬೇಕು, ಚಾಕು ತಾಗಿಸಬಾರದು.